099ಕ್ಕೆ ನಿಂತ ಸ್ಕ್ರಿಪ್ಟ್

ಅಜ್ಜನ ಹಳೇ ನೋಟ್‌ಬುಕ್ ಸ್ಕ್ಯಾನ್ ಮಾಡಿದ್ದೆ. 001ರಿಂದ 120ರವರೆಗೆ ಫೈಲುಗಳು. ಏಳನೇ ಪುಟ ಬಿಟ್ಟುಹೋಗಿದ್ದು ಆಮೇಲೆ ಗೊತ್ತಾಯಿತು. ಹಾಗಾಗಿ 007ರಿಂದ ಮುಂದಿನದೆಲ್ಲ ಒಂದೊಂದು ಸಂಖ್ಯೆ ಮುಂದೆ ಸರಿಯಬೇಕಿತ್ತು. ಹೆಸರು ಬದಲಿಸಲು ಬ್ಯಾಶ್‌ನಲ್ಲಿ (ಟೈಪ್ ಮಾಡಿದ ಆಜ್ಞೆಗಳನ್ನು ಓಡಿಸುವ ಪ್ರೋಗ್ರಾಂ) ಒಂದು ಚಿಕ್ಕ ಸ್ಕ್ರಿಪ್ಟ್ ಬರೆದೆ.

ಕೊನೆಯಿಂದ ಶುರು ಮಾಡಿದೆ. ಇಲ್ಲದಿದ್ದರೆ ಒಂದು ಫೈಲ್ ಇನ್ನೊಂದರ ಮೇಲೆ ಕೂರುತ್ತದೆ ಅಲ್ವಾ? ಸಂಖ್ಯೆಗಳನ್ನು ಸಾಲಾಗಿ ಕೊಡುವ 'ಸೆಕ್' (seq) ಆಜ್ಞೆಯಲ್ಲಿ 120, -1, 7 ಕೊಟ್ಟು (120ರಿಂದ 7ರವರೆಗೆ ಒಂದೊಂದೇ ಇಳಿಸು ಎಂದರ್ಥ), ಮುಂದೆ ಸೊನ್ನೆ ತುಂಬಲು -ಡಬ್ಲ್ಯೂ (-w) ಸೇರಿಸಿದೆ. ಲೂಪ್ ಒಂದೊಂದೇ ಸಂಖ್ಯೆ ತೆಗೆದುಕೊಂಡು, ಒಂದು ಕೂಡಿಸಿ, ಹೊಸ ಹೆಸರು ಕೊಡುತ್ತಿತ್ತು. 100ರವರೆಗೆ ಚೆನ್ನಾಗಿ ಹೋಯಿತು. 099 ಬಂದಾಗ ಎರರ್ ಬಂದು ಲೂಪ್ ನಿಂತಿತು.

ಲೆಕ್ಕ ಮಾಡುವಾಗ ಸಂಖ್ಯೆಯ ಮುಂದೆ ಸೊನ್ನೆ ಇದ್ದರೆ ಬ್ಯಾಶ್ ಅದನ್ನು ಆಕ್ಟಲ್ ಸಂಖ್ಯೆ, ಅಂದರೆ 0ರಿಂದ 7ರವರೆಗಿನ ಎಂಟೇ ಅಂಕಿಗಳ ಎಣಿಕೆ, ಎಂದು ಓದುತ್ತದೆ. ಆಕ್ಟಲ್‌ನಲ್ಲಿ 8, 9 ಇಲ್ಲವೇ ಇಲ್ಲ. ಎರರ್ ಬಂದಿದ್ದು ನಿಜಕ್ಕೂ ಒಳ್ಳೆಯದಾಯಿತು. 077 ಮೊದಲು ಬಂದಿದ್ದರೆ ಅದನ್ನು 63 ಎಂದುಕೊಂಡು, ಒಂದು ಕೂಡಿಸಿ, ಸುಮ್ನೆ 064ರ ಮೇಲೆ ಬರೆದುಬಿಡುತ್ತಿತ್ತು. ಅಜ್ಜನ ಒಂದು ಪುಟ ಹೋಗಿಬಿಡುತ್ತಿತ್ತು.

ಪರಿಹಾರ ಚಿಕ್ಕದು. ಲೆಕ್ಕದೊಳಗೆ, ಫೈಲ್ ಸಂಖ್ಯೆಯನ್ನು ಹಿಡಿದಿಟ್ಟ ಡಾಲರ್ ಚಿಹ್ನೆಯ ವೇರಿಯಬಲ್‌ಗೆ ಮುಂಚೆ 10# ಹಾಕಿದೆ. ಆಗ ಅದು ದಶಮಾನವೆಂದೇ ಓದುತ್ತದೆ. ಬಂದ ಉತ್ತರಕ್ಕೆ ಪ್ರಿಂಟ್‌ಎಫ್ (printf) ಆಜ್ಞೆಯಿಂದ ಮತ್ತೆ ಮೂರಂಕಿಯಾಗುವಂತೆ ಮುಂದೆ ಸೊನ್ನೆ ತುಂಬಿಸಿದೆ. ಪ್ರಿಂಟ್‌ಎಫ್‌ಗೆ ನೇರವಾಗಿ 099 ಕೊಡಬೇಡಿ, ಅಲ್ಲೂ ಇದೇ ತೊಂದರೆ.

ಇನ್ನೊಂದು ಮಾತು. ಉಬುಂಟು ಲಿನಕ್ಸ್‌ನಲ್ಲಿ ಎಸ್‌ಎಚ್ (sh) ಎಂದು ಕೊಟ್ಟರೆ ಓಡುವುದು ಬ್ಯಾಶ್ ಅಲ್ಲ, ಡ್ಯಾಶ್ ಎಂಬ ಬೇರೆ ಪ್ರೋಗ್ರಾಂ. ಅದಕ್ಕೆ 10# ತಿಳಿಯುವುದಿಲ್ಲ, ಸ್ಕ್ರಿಪ್ಟನ್ನು ಬ್ಯಾಶ್‌ನಲ್ಲೇ ಓಡಿಸಿ. ನಾನು ಈ ಸಲ ಮೊದಲು ಎಕೋ (echo, ಹೆಸರು ಬದಲಿಸದೆ ಪರದೆಯಲ್ಲಿ ತೋರಿಸುವ ಆಜ್ಞೆ) ಹಾಕಿ ಹೊಸ ಹೆಸರುಗಳನ್ನೆಲ್ಲ ನೋಡಿಕೊಂಡು, ಆಮೇಲೆ 099ರಿಂದ ಮುಂದುವರಿಸಿದೆ. ಏಳನೇ ಪುಟ ಈಗ ತನ್ನ ಜಾಗದಲ್ಲಿದೆ.