ಮಗುವಿನ ಶಾಲೆಗೆ ಊಟಕ್ಕೆ ಹೋಗುವಾಗ

ಮಗುವಿನ ಶಾಲೆಯಲ್ಲಿ ಮಧ್ಯಾಹ್ನದ ಊಟಕ್ಕೆ ಜೊತೆಗೆ ಕೂರುವ ಅವಕಾಶ ಸಿಕ್ಕರೆ ಬಿಡಬೇಡಿ. ಆದರೆ ತುತ್ತು ಕೊಡಲು ಹೋಗಬೇಡಿ, ನೋಡಲು ಹೋಗಿ. ಮನೆಯಲ್ಲಿ ಉಣ್ಣುವ ಮಗುವೇ ಬೇರೆ, ಓರಗೆಯವರ ನಡುವೆ ಉಣ್ಣುವ ಮಗುವೇ ಬೇರೆ. ಮಕ್ಕಳನ್ನೂ ಮೊಮ್ಮಕ್ಕಳನ್ನೂ ಬೆಳೆಸಿದ ನನಗೆ ಇದು ಚೆನ್ನಾಗಿ ಗೊತ್ತು: ಡಬ್ಬಿಯಲ್ಲಿ ಅರ್ಧ ಊಟ ಏಕೆ ಉಳಿದು ಬರುತ್ತದೆ ಎಂಬುದಕ್ಕೆ ಎಷ್ಟೋ ಸಲ ಉತ್ತರ ಅಡುಗೆಮನೆಯಲ್ಲಿ ಸಿಗುವುದಿಲ್ಲ, ಶಾಲೆಯ ಊಟದ ಸಾಲಿನಲ್ಲಿ ಸಿಗುತ್ತದೆ.

ಶಿಕ್ಷಕರನ್ನು ಮೊದಲೇ ಕೇಳಿ, ಅವರು ಹೇಳಿದ ದಿನ, ಹೇಳಿದ ಹೊತ್ತಿಗೆ ಹೋಗಿ. ಮಗು ಈಗಷ್ಟೇ ಶಾಲೆಗೆ ಸೇರಿ ಇನ್ನೂ ಅಳುತ್ತಿದ್ದರೆ ಅದು ಹೊಂದಿಕೊಳ್ಳುವವರೆಗೆ ಕಾಯುವುದು ಒಳ್ಳೆಯದು. ನೆಲದ ಮೇಲೋ ಪುಟ್ಟ ಬೆಂಚಿನ ಮೇಲೋ ಕೂರಬೇಕಾಗುತ್ತದೆ, ಸಡಿಲವಾದ ಬಟ್ಟೆ ಉಡಿ. ಮೊಬೈಲ್ ಚೀಲದಲ್ಲೇ ಇರಲಿ. ನಿಮ್ಮ ಮಗುವಿನ ಚಿತ್ರ ತೆಗೆಯುವ ನೆಪದಲ್ಲಿ ಬೇರೆಯವರ ಮಕ್ಕಳ ಚಿತ್ರ ತೆಗೆಯುವುದು ಸರಿಯಲ್ಲ.

ಆ ದಿನವೆಂದು ವಿಶೇಷ ತಿಂಡಿ ಮಾಡಬೇಡಿ, ದಿನವೂ ಕಟ್ಟುವ ಬುತ್ತಿಯನ್ನೇ ಕಟ್ಟಿ. ಎಲ್ಲ ಮಕ್ಕಳಿಗೂ ಹಂಚೋಣವೆಂದು ಏನನ್ನೂ ಒಯ್ಯಬೇಡಿ. ನಿಮ್ಮ ಕೈ ಧಾರಾಳವಾಗಿರಬಹುದು, ಆದರೆ ಹಾಲು, ಮೊಟ್ಟೆ, ಕಡಲೆಕಾಯಿ, ಗೋಡಂಬಿಯಂಥವು ಕೆಲವು ಮಕ್ಕಳಿಗೆ ಒಗ್ಗುವುದಿಲ್ಲ. ಅಲರ್ಜಿ ತೀವ್ರವಾಗಿದ್ದರೆ ಒಂದು ಚೂರೂ ಪ್ರಾಣಕ್ಕೆ ಕುತ್ತು ತರಬಹುದು. ಪಕ್ಕದ ಮಗು ಆಸೆಯಿಂದ ಕೈಚಾಚಿದರೂ ಶಿಕ್ಷಕರನ್ನು ಕೇಳದೆ ಕೊಡಬೇಡಿ. ಐದು ವರ್ಷದೊಳಗಿನ ಮಗುವಿನ ಡಬ್ಬಿಗೆ ಇಡಿಯಾದ ಬೀಜಗಳು ಬೇಡ. ದ್ರಾಕ್ಷಿಯನ್ನು ಉದ್ದುದ್ದಕ್ಕೆ ನಾಲ್ಕು ಹೋಳು ಮಾಡಿ ಇಡಿ. ಮಾತಾಡುತ್ತ, ನಗುತ್ತ ತಿನ್ನುವ ಮಕ್ಕಳ ಗಂಟಲಿಗೆ ಇಡೀ ಹಣ್ಣು ಸಿಕ್ಕಿಕೊಳ್ಳುವುದು ಸುಲಭ.

ಇನ್ನು ಊಟದ ಹೊತ್ತು. ಮಗುವಿನ ಎದುರಿಗೆ ಕೂರದೆ ಪಕ್ಕದಲ್ಲಿ ಕುಳಿತು ಮೊದಲು ಅದರ ಬೆರಳುಗಳನ್ನು ಗಮನಿಸಿ. ಮುಚ್ಚಳ ತೆಗೆಯಲು ಎಷ್ಟು ಹೆಣಗುತ್ತದೆ? ಬಿಸಿ ಬಿಸಿ ಅಡುಗೆ ತುಂಬಿ ಆ ಕ್ಷಣವೇ ಬಿಗಿಯಾಗಿ ಮುಚ್ಚಿದರೆ, ಒಳಗಿನ ಹಬೆ ತಣಿದು ನೀರಾದಂತೆ ಡಬ್ಬಿಯೊಳಗಿನ ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿ ಮುಚ್ಚಳವನ್ನು ಒತ್ತಿ ಹಿಡಿಯುತ್ತದೆ. ದೊಡ್ಡವರೇ ಬಲ ಹಾಕಿ ತೆಗೆಯಬೇಕಾದ ಮುಚ್ಚಳವನ್ನು ನಾಲ್ಕು ವರ್ಷದ ಮಗು ತೆಗೆಯುವುದು ಹೇಗೆ? ಹತ್ತು ನಿಮಿಷ ಅದರಲ್ಲೇ ಕಳೆದು, ಕೇಳಲು ನಾಚಿಕೊಂಡು, ಕೊನೆಗೆ ಡಬ್ಬಿಯನ್ನು ಚೀಲಕ್ಕೆ ಹಾಕಿಬಿಡುವ ಮಕ್ಕಳಿದ್ದಾರೆ. ಸಂಜೆ ಅವರು ಬೈಸಿಕೊಳ್ಳುವುದನ್ನು ಕಂಡರೆ ನನ್ನ ಕರುಳು ಚುರುಕ್ ಎನ್ನುತ್ತದೆ. ಸಾಧಾರಣ ಡಬ್ಬಿಯಾದರೆ ಮುಚ್ಚುವ ಮುನ್ನ ಹಬೆ ಸ್ವಲ್ಪ ಹೋಗಲಿ. ಊಟ ಬಿಸಿಯಾಗಿಯೇ ಇರಬೇಕೆಂದರೆ ಥರ್ಮಾಸ್ ಡಬ್ಬಿಗೆ ಕುದಿಯುವ ನೀರು ಹಾಕಿ ಐದು ನಿಮಿಷ ಬಿಟ್ಟು, ಚೆಲ್ಲಿ, ಆಮೇಲೆ ಅಡುಗೆ ತುಂಬಿ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖದಲ್ಲಿ ಬ್ಯಾಕ್ಟೀರಿಯಾ ಬೇಗ ಹೆಚ್ಚುವುದರಿಂದ ಉಗುರುಬೆಚ್ಚಗಿನ ಊಟ ಗಂಟೆಗಟ್ಟಲೆ ಕೂರಬಾರದು. ಡಬ್ಬಿ ಯಾವುದೇ ಇರಲಿ, ತೆರೆದು ಮುಚ್ಚುವ ಅಭ್ಯಾಸ ಮನೆಯಲ್ಲೇ ಆಗಲಿ.

ಮಗು ಮೊದಲು ಏನು ತಿನ್ನುತ್ತದೆ, ಯಾವುದನ್ನು ಬದಿಗೆ ಸರಿಸುತ್ತದೆ, ನೀರಿನ ಬಾಟಲಿ ಮುಟ್ಟುತ್ತದೆಯೇ, ಮಾತಿನಲ್ಲೇ ಹೊತ್ತು ಕಳೆಯುತ್ತದೆಯೇ ಎಂದು ಸುಮ್ಮನೆ ನೋಡಿ. “ಬೇಗ ತಿನ್ನು”, “ಇದೊಂದು ತುತ್ತು” ಎಂಬ ಮಾತು ಬಾಯಿಗೆ ಬಂದರೂ ನುಂಗಿಕೊಳ್ಳಿ. ಗೆಳೆಯರ ಮುಂದೆ ಗದರಿಸಿಕೊಂಡ ಮಗುವಿಗೆ ಊಟ ಸೇರುವುದಿಲ್ಲ. ಆಹಾರ ತಜ್ಞೆ ಎಲಿನ್ ಸ್ಯಾಟರ್ ಹಾಕಿಕೊಟ್ಟ ಪಾಲು ನನಗೆ ಬಹಳ ಒಪ್ಪಿಗೆ: ಏನು, ಯಾವಾಗ, ಎಲ್ಲಿ ಬಡಿಸಬೇಕು ಎಂಬುದು ಹೆತ್ತವರಿಗೆ ಬಿಟ್ಟದ್ದು, ತಿನ್ನಬೇಕೇ, ಎಷ್ಟು ತಿನ್ನಬೇಕು ಎಂಬುದು ಮಗುವಿಗೆ ಬಿಟ್ಟದ್ದು.

“ನೀವು ಯಾರ ಅಮ್ಮ?” ಎಂದು ಸುತ್ತಲಿನ ಪುಟಾಣಿಗಳು ಕೇಳುತ್ತಾರೆ. ಹೆಸರು ಕೇಳಿ, ಹೆಸರು ಹಿಡಿದೇ ಮಾತಾಡಿಸಿ. ಮನೆಯವರು ಬರಲಾಗದ ಮಗು ಯಾವುದಾದರೂ ಇದ್ದರೆ ಅದಕ್ಕೆ ನಿಮ್ಮ ಇನ್ನೊಂದು ಪಕ್ಕದಲ್ಲಿ ಜಾಗ ಮಾಡಿಕೊಡಿ. ಶಿಕ್ಷಕರ ಬಳಿ ಓದಿನ ವಿಚಾರ ಆಗ ತೆಗೆಯಬೇಡಿ, ಅಷ್ಟು ಮಕ್ಕಳ ಊಟ ನೋಡುವ ಹೊತ್ತು ಅದು.

ಹೊರಡುವಾಗ ಕಣ್ತಪ್ಪಿಸಿ ಹೋಗಬೇಡಿ. “ಊಟ ಮುಗಿದ ಮೇಲೆ ನಾನು ಹೊರಡುತ್ತೇನೆ, ಸಂಜೆ ಮನೆಯಲ್ಲಿ ಸಿಗೋಣ ಪುಟ್ಟಾ” ಎಂದು ಬೆಳಿಗ್ಗೆಯೇ ಹೇಳಿಟ್ಟಿದ್ದು, ಹಾಗೆಯೇ ಹೊರಡಿ. ಅತ್ತರೆ ಒಮ್ಮೆ ಅಪ್ಪಿಕೊಂಡು ಶಿಕ್ಷಕರ ಕೈಗೆ ಒಪ್ಪಿಸಿ. ಬಾಗಿಲವರೆಗೆ ಹೋಗಿ ಮತ್ತೆ ಮತ್ತೆ ತಿರುಗಿ ಬಂದರೆ ಅಳು ಹೆಚ್ಚುತ್ತದೆ.

ಕಂಡದ್ದನ್ನು ಸಂಜೆ ವಿಚಾರಣೆ ಮಾಡಬೇಡಿ, ಮರುದಿನದ ಡಬ್ಬಿಯಲ್ಲಿ ಸರಿಪಡಿಸಿ. ಹೋಳು ದೊಡ್ಡದಾಗಿದ್ದರೆ ಚಿಕ್ಕದು ಮಾಡಿ, ಹೊತ್ತು ಸಾಲದಿದ್ದರೆ ಊಟ ಕಡಿಮೆ ಹಾಕಿ. ಬದಿಗೆ ಸರಿಸಿದ್ದನ್ನು ಪೂರಾ ಕೈಬಿಡದೆ ಚೂರು ಚೂರೇ ಇಡುತ್ತಿರಿ, ಹೊಸ ರುಚಿ ಒಗ್ಗಲು ಮಕ್ಕಳಿಗೆ ಹತ್ತು ಹದಿನೈದು ಸಲವೂ ಬೇಕಾಗಬಹುದು. ಮತ್ತೊಮ್ಮೆ ಬರುವೆನೆಂದು ಮಾತು ಕೊಡುವುದಾದರೆ, ರಜೆ ಖಚಿತವಾದ ಮೇಲೆಯೇ ದಿನ ಹೇಳಿ.