ಇಳಿಸಿದ ತೂಕ ಮತ್ತೆ ಏರದಿರಲು ಹೀಗೆ ಮಾಡಿ

ಮಂಗಳೂರು, ಉಡುಪಿ ಕಡೆ ತೂಕ ಇಳಿಸಿದವರಿಗೇನೂ ಕಡಿಮೆ ಇಲ್ಲ. ಮನೆಯಲ್ಲಿ ಮದುವೆ ಅಂದರೆ ಸಾಕು, ಎರಡು ತಿಂಗಳು ಅನ್ನ ಬಿಟ್ಟು ಐದಾರು ಕಿಲೋ ಇಳಿಸುತ್ತಾರೆ. ಮಳೆಗಾಲ ಮುಗಿಯುವಷ್ಟರಲ್ಲಿ ಅಷ್ಟೂ ವಾಪಸ್. ಇದಕ್ಕೆ ಮನಸ್ಸು ಗಟ್ಟಿ ಇಲ್ಲ ಎಂದು ಬೈದುಕೊಳ್ಳಬೇಡಿ. ತೂಕ ಇಳಿದಾಗ ದೇಹ ಖರ್ಚು ಮಾಡುವ ಶಕ್ತಿಯೂ ಇಳಿಯುತ್ತದೆ. ಹಸಿವನ್ನು ತಡೆಯುವ ಲೆಪ್ಟಿನ್ ಎಂಬ ಹಾರ್ಮೋನು ಕಡಿಮೆಯಾಗಿ, ಹಸಿವು ಹೆಚ್ಚಿಸುವ ಗ್ರೆಲಿನ್ ಜಾಸ್ತಿಯಾಗುತ್ತದೆ. ವರ್ಷ ಕಳೆದರೂ ಈ ಬದಲಾವಣೆ ಪೂರ್ತಿ ಹೋಗದಿರಬಹುದು. ಹಾಗಾಗಿ ಐದು ವರ್ಷದ ನಂತರವೂ ಮಾಡಬಲ್ಲೆ ಅನ್ನಿಸುವ ಬದಲಾವಣೆಯನ್ನಷ್ಟೇ ಇವತ್ತು ಶುರು ಮಾಡಿ.

ಮೊದಲು ಅಳತೆ

ಭಾರತೀಯರಿಗೆ ಬಿಎಂಐ (ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಸಂಖ್ಯೆ) 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು ಎಂದು ಲೆಕ್ಕ. 160 ಸೆಂ.ಮೀ. ಎತ್ತರದವರಿಗೆ ಅದು ಸುಮಾರು 59 ಮತ್ತು 64 ಕಿಲೋ. ಸೊಂಟದ ಸುತ್ತಳತೆಯನ್ನೂ ನೋಡಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮೀರಬಾರದು. ಗುರಿ ಚಿಕ್ಕದಿರಲಿ. 80 ಕಿಲೋ ಇರುವವರು 4ರಿಂದ 8 ಕಿಲೋ ಇಳಿಸಿದರೂ ಬಿಪಿ, ಶುಗರ್ ಎರಡರಲ್ಲೂ ಸುಧಾರಣೆ ಕಾಣುತ್ತದೆ. ತಿಂಗಳಿಗೆ ಎರಡು ಕಿಲೋ ಇಳಿದರೆ ಚೆನ್ನಾಗಿಯೇ ಇಳಿದಂತೆ.

ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲು ಡಾಕ್ಟರನ್ನು ಕೇಳಲೇಬೇಕು. ಶುಗರ್ ಒಮ್ಮೆಲೇ ಇಳಿಯುವ ಅಪಾಯ ಇರುತ್ತದೆ.

ಬಟ್ಟಲಿನಲ್ಲಿ ಜಾಗ ಬದಲಿಸಿ

ಕುಚ್ಚಲಕ್ಕಿ ಅನ್ನ ಬಿಡಿ ಎಂದು ನಾನು ಹೇಳುವುದಿಲ್ಲ. ಬಿಟ್ಟವರು ಹದಿನೈದು ದಿನಕ್ಕೆ ವಾಪಸ್ ಬರುತ್ತಾರೆ. ನಮ್ಮ ತೊಂದರೆ ಇರುವುದು ಅನ್ನ ಬಟ್ಟಲು ತುಂಬಾ, ಪಲ್ಯ ಮೂಲೆಯಲ್ಲಿ ಒಂದು ಚಮಚ ಎನ್ನುವ ಬಡಿಸುವ ಕ್ರಮದಲ್ಲಿ. ಅದನ್ನು ತಿರುಗಿಸಿ. ಮೊದಲು ಅರ್ಧ ಬಟ್ಟಲು ತರಕಾರಿ ಬಡಿಸಿಕೊಳ್ಳಿ: ಅಲಸಂಡೆ, ತೊಂಡೆಕಾಯಿ, ಹರಿವೆ, ಬಸಳೆ, ಯಾವುದು ಅಗ್ಗವೋ ಅದು. ಕಾಲು ಭಾಗಕ್ಕೆ ಹುರುಳಿ, ಹೆಸರುಕಾಳು, ಮೊಟ್ಟೆ ಅಥವಾ ಮೀನು. ಉಳಿದ ಜಾಗಕ್ಕೆ ಅನ್ನ. ಕಾಳು, ಮೀನು ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತವೆ. ತೂಕ ಇಳಿಯುವಾಗ ಸ್ನಾಯು ಕರಗದಂತೆಯೂ ಕಾಪಾಡುತ್ತವೆ.

ಬೂತಾಯಿ, ಬಂಗುಡೆ ತಿನ್ನುವವರು ನಿಜಕ್ಕೂ ಅದೃಷ್ಟವಂತರು. ಕಡಿಮೆ ಬೆಲೆಗೆ ಒಳ್ಳೆಯ ಪ್ರೋಟೀನ್, ಹೃದಯಕ್ಕೆ ಬೇಕಾದ ಒಮೆಗಾ-3 ಎರಡೂ ಸಿಗುತ್ತವೆ. ಆದರೆ ದಿನಾ ರವಾ ಫ್ರೈ ಬೇಡ. ಪುಳಿಮುಂಚಿ ಮಾಡಿ, ಇಲ್ಲವೇ ಕಾವಲಿಯಲ್ಲಿ ಸ್ವಲ್ಪವೇ ಎಣ್ಣೆ ಸವರಿ ಕಾಯಿಸಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ ಸುಮಾರು 120 ಕ್ಯಾಲೊರಿ ಇದೆ. ಅದು ತೆಂಗಿನೆಣ್ಣೆಯಾದರೂ ಅಷ್ಟೇ. ತೆಂಗಿನಕಾಯಿ ಇಲ್ಲದೆ ನಮ್ಮ ಅಡುಗೆ ಇಲ್ಲ, ಒಪ್ಪುತ್ತೇನೆ. ಗಸಿಗೆ ಹಾಕಿದ ದಿನ ಪಲ್ಯಕ್ಕೆ ಹಾಕಬೇಡಿ, ಸಾಕು.

ರಾತ್ರಿ ಗಂಜಿ, ಹುರುಳಿ ಚಟ್ನಿ, ಜೊತೆಗೊಂದು ಪಲ್ಯ ಒಳ್ಳೆಯ ಊಟ. ಉಪ್ಪಿನಕಾಯಿ, ಹಪ್ಪಳ ಮಾತ್ರ ಮಿತಿಯಲ್ಲಿರಲಿ.

ಸಂಜೆ ನಾಲ್ಕು ಗಂಟೆ

ನನ್ನ ಪ್ರಕಾರ ನಮ್ಮ ಊರಿನಲ್ಲಿ ತೂಕ ಏರುವುದು ಊಟಕ್ಕಿಂತ ಜಾಸ್ತಿ ಈ ಹೊತ್ತಿನಲ್ಲೇ. ಗೋಳಿಬಜೆ, ಬನ್ಸ್ ಎರಡೂ ಮೈದಾ, ಎರಡೂ ಎಣ್ಣೆಯಲ್ಲಿ ಕರಿದವು. ಹಸಿದ ಹೊಟ್ಟೆಯಲ್ಲಿ ಹೋಟೆಲಿಗೆ ಹೋಗಿ ಬೇಡ ಅನ್ನುವುದು ಯಾರಿಗೂ ಸುಲಭವಲ್ಲ, ಅಲ್ವಾ? ಮೂರೂವರೆಗೇ ಹಿಡಿಯಷ್ಟು ನೆಲಗಡಲೆ, ಬೇಯಿಸಿದ ಕಡಲೆ ಅಥವಾ ಒಂದು ಪೇರಳೆ ತಿನ್ನಿ. ಗೋಳಿಬಜೆಗೆ ವಾರದಲ್ಲಿ ಒಂದು ದಿನ ಗೊತ್ತು ಮಾಡಿ, ಆ ದಿನ ಖುಷಿಯಿಂದ ತಿನ್ನಿ. ದಿನಕ್ಕೆ ಮೂರು ಚಹಾ, ಪ್ರತಿ ಚಹಾಕ್ಕೆ ಎರಡು ಚಮಚ ಸಕ್ಕರೆ ಎಂದರೆ ಸುಮಾರು 30 ಗ್ರಾಂ ಆಯಿತು. ಚಮಚವನ್ನು ನಿಧಾನವಾಗಿ ಅರ್ಧಕ್ಕೆ ಇಳಿಸಿ.

ನಡಿಗೆ, ಮಳೆಯಲ್ಲೂ

ವಾರಕ್ಕೆ ಕನಿಷ್ಠ 150 ನಿಮಿಷ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಳಿದ ತೂಕ ಉಳಿಯಲು ಇನ್ನೂ ಜಾಸ್ತಿ ಬೇಕಾಗುತ್ತದೆ. ಅಮೆರಿಕದಲ್ಲಿ 1994ರಿಂದ ಹೀಗೆ ತೂಕ ಉಳಿಸಿಕೊಂಡವರ ದಾಖಲೆ ಇಡುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ದಿನಕ್ಕೆ ಸುಮಾರು ಒಂದು ಗಂಟೆ ಮೈ ಬಗ್ಗಿಸುವವರು, ಬಹುತೇಕ ನಡಿಗೆಯೇ. ಕದ್ರಿ ಪಾರ್ಕ್, ಅಜ್ಜರಕಾಡು, ಮಲ್ಪೆ, ಪಣಂಬೂರು, ಜಾಗಕ್ಕೆ ಬರ ಇಲ್ಲ. ನಮ್ಮ ಸೆಕೆಗೆ ಬೆಳಿಗ್ಗೆ ಏಳರೊಳಗೆ ಹೊರಡುವುದು ಒಳ್ಳೆಯದು.

ಜೂನ್ ಬಂದರೆ ಎಲ್ಲ ನಿಲ್ಲುತ್ತದೆ. ನಾಲ್ಕು ತಿಂಗಳ ರಜೆಯಲ್ಲಿ ಅಭ್ಯಾಸವೇ ತಪ್ಪಿಹೋಗುತ್ತದೆ. ಮಳೆಗಾಲದ ಏರ್ಪಾಡು ಮೇ ತಿಂಗಳಲ್ಲೇ ಇರಲಿ: ಫ್ಲ್ಯಾಟಿನ ಮೆಟ್ಟಿಲು, ಮನೆಯ ಜಗಲಿ, ಫೋನಿನಲ್ಲಿ ಮಾತಾಡುತ್ತಾ ಸುತ್ತು. ಜೊತೆಗೆ ವಾರಕ್ಕೆ ಎರಡು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಯೊತ್ತಿ ದಂಡ.

ಹಬ್ಬ, ಮದುವೆ

ಅಷ್ಟಮಿಯ ಉಂಡೆ ಚಕ್ಕುಲಿ, ಕ್ರಿಸ್ಮಸ್‌ನ ಕುಸ್ವಾರ್, ಮದುವೆಯ ಹೋಳಿಗೆ, ಎಲ್ಲವನ್ನೂ ತಿನ್ನಿ. ಆ ದಿನದಿಂದ ದಪ್ಪ ಆಗುವುದಿಲ್ಲ. ಡಬ್ಬಿಯಲ್ಲಿ ಉಳಿದದ್ದನ್ನು ವಾರಪೂರ್ತಿ ಮೆಲ್ಲುವುದರಿಂದ ಆಗುತ್ತದೆ. ನೆರೆಮನೆಗೆ ಹಂಚಿಬಿಡಿ.

ವಾರಕ್ಕೊಮ್ಮೆ ತೂಕ

ಒಂದೇ ದಿನ, ಬೆಳಿಗ್ಗೆ, ತಿಂಡಿಗೆ ಮುಂಚೆ. ದಿನಾ ಒಂದು ಕಿಲೋ ಆಚೀಚೆ ಆಗುವುದು ನೀರಿನಿಂದ, ತಲೆಕೆಡಿಸಿಕೊಳ್ಳಬೇಡಿ. ಎರಡು ಕಿಲೋ ಏರಿ ಎರಡು ವಾರ ಹಾಗೇ ನಿಂತರೆ ಮಾತ್ರ ಹಿಂದಕ್ಕೆ ನೋಡಿ: ನಡಿಗೆ ತಪ್ಪಿತೇ, ಸಂಜೆ ತಿಂಡಿ ಹೆಚ್ಚಿತೇ, ನಿದ್ದೆ ಕಡಿಮೆಯಾಯಿತೇ? ತಪ್ಪಿದ ಅದೊಂದನ್ನೇ ಸರಿಮಾಡಿ. ಏನೂ ತಪ್ಪಿಲ್ಲದೆ ತೂಕ ಏರುತ್ತಿದ್ದರೆ, ಸುಸ್ತೂ ಇದ್ದರೆ, ಥೈರಾಯ್ಡ್ ಪರೀಕ್ಷೆ ಮಾಡಿಸಿ.