ಪ್ಯಾನಲ್ ಮುಗಿಯಿತು ಅಂದ ಟಿವಿಗಳಲ್ಲಿ ಮತ್ತೆ ಚಿತ್ರ: ಸಿಕೆವಿ ಲೈನ್ ಬೇರ್ಪಡಿಸಿದ ನನ್ನ ಅನುಭವ

"ಡಬಲ್ ಇಮೇಜ್ ಬಂತು ಅಂದ್ರೆ ಪ್ಯಾನಲ್ ಮುಗಿಯಿತು, ಬಿಟ್ಟುಬಿಡಿ." ನಮ್ಮ ಕೆಲಸದವರ ಬಾಯಲ್ಲಿ ಈ ಮಾತು ಗಟ್ಟಿಯಾಗಿ ಕೂತಿದೆ. ಒಂದು ಕಡೆಯ ಸಿಕೆವಿ (ಪರದೆಯ ಅಡ್ಡ ಸಾಲುಗಳನ್ನು ಒಂದಾದ ಮೇಲೊಂದು ಆನ್ ಮಾಡಿಸುವ ಪಲ್ಸ್) ಲೈನ್‌ಗಳನ್ನು ಬೇರ್ಪಡಿಸಿ ಅಂಥ ಸೆಟ್ ಸರಿ ಮಾಡುತ್ತೇನೆ ಎಂದಾಗ ನನ್ನ ಮಾತು ನಂಬಿದವರು ಯಾರೂ ಇರಲಿಲ್ಲ. ವಾರ ಓಡುತ್ತದೆ, ಆಮೇಲೆ ಗಿರಾಕಿ ವಾಪಸ್ ಬರುತ್ತಾನೆ, ಹೆಸರು ಕೆಡುತ್ತದೆ ಎಂದರು. ಹಾಗೆ ಮಾಡಿದ ಮೊದಲ 40 ಇಂಚಿನ ಸೆಟ್ ಎರಡು ವರ್ಷ ದಾಟಿ ಈಗಲೂ ಓಡುತ್ತಿದೆ. ಆಮೇಲೆ ಮಾಡಿದವುಗಳಲ್ಲೂ ಹೆಚ್ಚುಕಡಿಮೆ ಹತ್ತಕ್ಕೆ ಏಳು ನಿಂತಿವೆ. ಬೇಡ ಅಂದವರೇ ಈಗ ಫೋನ್ ಮಾಡಿ "ಯಾವ ಪಿನ್ ಕಟ್ ಮಾಡೋದು?" ಎಂದು ಕೇಳುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಟಿ-ಕಾನ್ ಎಂದರೆ ಪ್ಯಾನಲ್‌ಗೆ ಚಿತ್ರದ ಸಂಕೇತ ಹಂಚುವ ಬೋರ್ಡ್, ವಿಜಿಎಚ್ ಎಂದರೆ ಪರದೆಯ ಸಾಲುಗಳನ್ನು ಆನ್ ಮಾಡುವ ವೋಲ್ಟೇಜ್; ಅದಕ್ಕಿಂತ ಹೆಚ್ಚು ವಿವರಿಸುವುದಿಲ್ಲ. ಮೀಟರ್ ಹಿಡಿದವರಿಗೆ ಅದು ಗೊತ್ತಿರುತ್ತದೆ.

ಮೊದಲು ದೋಷ ಹೇಗೆ ಕಾಣುತ್ತದೆ ಹೇಳುತ್ತೇನೆ. ಮೇಲಿನ ಚಿತ್ರ ಕೆಳಗೂ ನೆರಳಿನಂತೆ ಬರುತ್ತದೆ. ಅಥವಾ ಅಡ್ಡಕ್ಕೆ ಸಣ್ಣ ಗೆರೆಗಳು ತುಂಬಿ ಚಿತ್ರ ಮೇಲೆ ಕೆಳಗೆ ನಡುಗುತ್ತದೆ. ಕೆಲವು ಸೆಟ್‌ಗಳಲ್ಲಿ ಆನ್ ಮಾಡಿದ ಎರಡು ನಿಮಿಷ ಎಲ್ಲ ಚೆನ್ನ, ಆಮೇಲೆ ಕೆಳಗಿನ ಅರ್ಧ ಹೋಗುತ್ತದೆ. ಇನ್ನು ಕೆಲವಲ್ಲಿ ಧ್ವನಿ ಇದೆ, ಬ್ಯಾಕ್‌ಲೈಟ್ ಇದೆ, ಚಿತ್ರವೇ ಇಲ್ಲ. ಇದನ್ನು ನೋಡಿ ಎಷ್ಟೋ ಜನ ಮದರ್‌ಬೋರ್ಡ್ ಬದಲಿಸಿ ಕೂರುತ್ತಾರೆ. ನಿಜಕ್ಕೂ ಅಲ್ಲಿ ಆಗಿರುವುದು ಬೇರೆ. ಗಾಜಿನ ಅಂಚಿನಲ್ಲಿ ಸಿಕೆವಿ ಲೈನ್ ಶಾರ್ಟ್ ಆಗಿ ವಿಜಿಎಚ್ ಕುಸಿದಿರುತ್ತದೆ, ಚಿತ್ರವೇ ಇಲ್ಲದ ಸೆಟ್‌ಗಳಲ್ಲಿ ಟಿ-ಕಾನ್ ತನ್ನನ್ನು ಉಳಿಸಿಕೊಳ್ಳಲು ಬಂದ್ ಆಗಿರುತ್ತದೆ.

ಈ ಶಾರ್ಟ್‌ಗೆ ದೊಡ್ಡ ಕಾರಣ ತೇವ. ಪರದೆ ಒರೆಸಲು ದ್ರವವನ್ನು ನೇರವಾಗಿ ಗಾಜಿನ ಮೇಲೆ ಸಿಂಪಡಿಸುತ್ತಾರೆ. ಅದು ಇಳಿದು ಕೆಳಗಿನ ಫ್ರೇಮ್ ಒಳಗೆ ನಿಲ್ಲುತ್ತದೆ. ಈಗಿನ ಬಹಳಷ್ಟು ಪ್ಯಾನಲ್‌ಗಳಲ್ಲಿ ಅಡ್ಡ ಸಾಲುಗಳನ್ನು ಓಡಿಸುವ ಗೇಟ್ ಡ್ರೈವರ್‌ಗೆ ಬೇರೆ ಐಸಿ ಇಲ್ಲ, ಗಾಜಿನ ಮೇಲೆಯೇ ಇರುತ್ತದೆ. ನೀರು ಅಲ್ಲಿಗೆ ಮುಟ್ಟಿದರೆ ಲೈನ್‌ಗಳು ನಿಧಾನವಾಗಿ ತುಕ್ಕು ಹಿಡಿಯುತ್ತವೆ. ಒರೆಸಿದ ದಿನವೇ ಹೋಗುವುದಿಲ್ಲ, ತಿಂಗಳುಗಟ್ಟಲೆ ಆದಮೇಲೆ ಹೋಗುತ್ತದೆ. ಹಾಗಾಗಿ ಯಾರಿಗೂ ಆ ಸ್ಪ್ರೇ ನೆನಪಿಗೆ ಬರುವುದೇ ಇಲ್ಲ.

ಈ ದಾರಿಗೆ ಬರುವ ಮೊದಲು ದುಡ್ಡು ಸಾಕಷ್ಟು ಹೋಗಿದೆ. ಮೊದಲು ಎಲ್ಲರಂತೆ ಟಿ-ಕಾನ್ ಬದಲಿಸಿ ನೋಡಿದೆ. ಹೊಸದು ಹಾಕಿದರೂ ಅದೇ ಡಬಲ್ ಇಮೇಜ್. ಹಾಗೆ ತರಿಸಿದ ಟಿ-ಕಾನ್‌ಗಳು ಒಂದು ಡಬ್ಬಿ ತುಂಬ ಇವೆ. ಅವುಗಳ ಒಟ್ಟು ಬೆಲೆಯಲ್ಲಿ ಒಂದು ಸಣ್ಣ ಹೊಸ ಟಿವಿ ಬರುತ್ತಿತ್ತು. ಸಿಕೆವಿ ಪಲ್ಸ್ ಅನ್ನು ಬೇಕಾದ ವೋಲ್ಟೇಜ್‌ಗೆ ಏರಿಸುವ ಲೆವೆಲ್ ಶಿಫ್ಟರ್ ಐಸಿ ಬದಲಿಸಿದೆ. ಹೊಸ ಐಸಿಯೂ ಕೈ ಇಡಲಾಗದಷ್ಟು ಕಾಯಿತು. ಐಸಿ ಕಾಯುವುದು ಶಾರ್ಟ್‌ನ ಪರಿಣಾಮ, ಕಾರಣ ಅದಲ್ಲ ಎಂಬುದು ಆಗ ಖಚಿತವಾಯಿತು.

ಆಮೇಲೆ ಗಾಜಿನ ಅಂಚಿಗೆ ಹಾಟ್ ಏರ್ ಕೊಟ್ಟು ಒಣಗಿಸಿ ನೋಡಿದೆ. ತೇವ ಹೊಸದಾಗಿದ್ದರೆ ಚಿತ್ರ ಬರುತ್ತದೆ, ನಿಜ. ಆದರೆ ಹತ್ತು ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ತೊಳೆದರೂ ಅಷ್ಟೇ. ವೋಲ್ಟೇಜ್ ಎಷ್ಟಿರಬೇಕೆಂದು ನಿಗದಿ ಮಾಡುವ ಫೀಡ್‌ಬ್ಯಾಕ್ ರೆಸಿಸ್ಟರ್ ಬದಲಿಸಿ ವಿಜಿಎಚ್ ಅನ್ನು 30 ವೋಲ್ಟ್‌ನಿಂದ 24ರ ಹತ್ತಿರ ಇಳಿಸಿದೆ. ಇದು ಸ್ವಲ್ಪ ಜಾಸ್ತಿ ದಿನ ನಿಂತಿತು, ಒಂದೆರಡು ಸೆಟ್ ಮೂರು ತಿಂಗಳು ಓಡಿದವು. ಆದರೆ ಶಾರ್ಟ್ ಒಳಗೇ ಇತ್ತಲ್ಲ, ಅದು ಬೆಳೆಯುತ್ತಲೇ ಹೋಯಿತು. ಹಳೆಯ ಪ್ಯಾನಲ್ ಕೊಂಡು ಹಾಕುವ ದಾರಿಯನ್ನೂ ನೋಡಿದ್ದಾಯಿತು. ಚೆನ್ನಾಗಿದೆ ಎಂದು ಮಾರಿದ ಒಂದು ಪ್ಯಾನಲ್‌ನಲ್ಲಿ ಅರ್ಧ ಗಂಟೆ ಓಡಿದ ಮೇಲೆ ಇದೇ ದೋಷ ಕಾಣಿಸಿತು. ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ಆ ಪ್ಯಾನಲ್ಲೇ ಮುಂದೆ ನನ್ನ ಪ್ರಯೋಗಕ್ಕೆ ಸಿಕ್ಕಿತು.

ವಿಷಯ ಇಷ್ಟೇ. ದೊಡ್ಡ ಪ್ಯಾನಲ್‌ನಲ್ಲಿ ಒಂದೊಂದು ಅಡ್ಡ ಸಾಲನ್ನು ಆನ್ ಮಾಡುವ ಗೇಟ್ ಲೈನ್ ಉದ್ದ ಇರುತ್ತದೆ. ಒಂದೇ ತುದಿಯಿಂದ ಪಲ್ಸ್ ಕೊಟ್ಟರೆ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಅದು ಸೋತಿರುತ್ತದೆ. ಉದ್ದದ ಪೈಪಿಗೆ ಎರಡೂ ತುದಿಯಿಂದ ನೀರು ಬಿಟ್ಟಂತೆ ಎಡಬಲ ಎರಡೂ ಕಡೆಯಿಂದ ಒಂದೇ ಪಲ್ಸ್ ಕೊಡುತ್ತಾರೆ. ಹಾಗಾದರೆ ಕೆಟ್ಟ ಕಡೆಯನ್ನು ಬಂದ್ ಮಾಡಿದರೆ ಚೆನ್ನಾಗಿರುವ ಕಡೆಯೇ ಇಡೀ ಲೈನ್ ಓಡಿಸಬೇಕಲ್ವಾ? ಓಡಿಸುತ್ತದೆ. ಎಷ್ಟು ಚೆನ್ನಾಗಿ ಓಡಿಸುತ್ತದೆ ಎಂಬುದು ಪ್ಯಾನಲ್ ಮೇಲೆ ಹೋಗುತ್ತದೆ.

ನಾನು ಮಾಡುವ ಕ್ರಮ ಹೀಗಿದೆ. ಟಿ-ಕಾನ್‌ನಿಂದ ಸೋರ್ಸ್ ಬೋರ್ಡ್‌ಗೆ (ಗಾಜಿನ ಅಂಚಿಗೆ ಸೇರಿದ ಸಣ್ಣ ಬೋರ್ಡ್) ಹೋಗುವ ಎರಡೂ ಫ್ಲಾಟ್ ಕೇಬಲ್ ಬಿಚ್ಚಿ ಆನ್ ಮಾಡುತ್ತೇನೆ. ವಿಜಿಎಚ್ 28-30ಕ್ಕೆ ಏರಿ ನಿಂತರೆ ಟಿ-ಕಾನ್ ಸರಿ ಇದೆ. ಅಲ್ಲೂ ಏರದಿದ್ದರೆ ಟಿ-ಕಾನ್ ನೋಡಿ, ಗಾಜಿಗೆ ಕೈ ಹಾಕಬೇಡಿ. ಆಫ್ ಮಾಡಿ ಬಲಗಡೆ ಕೇಬಲ್ ಮಾತ್ರ ಹಾಕಿ ಆನ್ ಮಾಡಿದಾಗ ಬಲ ಅರ್ಧದಲ್ಲಿ ಶುದ್ಧ ಚಿತ್ರ ಬಂತು ಎನ್ನಿ. ಎಡಗಡೆ ಮಾತ್ರ ಹಾಕಿದಾಗ ಡಬಲ್ ಇಮೇಜ್ ಬಂತು, ಅಥವಾ ವಿಜಿಎಚ್ ಹತ್ತು ಹನ್ನೆರಡಕ್ಕೆ ಬಿತ್ತು. ಹಾಗಾದರೆ ದೋಷ ಎಡಗಡೆ.

ಇಲ್ಲಿ ಒಂದು ಪರೀಕ್ಷೆ ಯಾರೂ ಮಾಡುವುದಿಲ್ಲ. ನಾನು ಬಿಡುವುದಿಲ್ಲ. ಬಲ ಅರ್ಧದ ಚಿತ್ರ ಬಂದಾಗ ಹತ್ತಿರ ಹೋಗಿ ಲೆನ್ಸ್ ಹಿಡಿದು ನೋಡಿ. ಎಲ್ಲ ಅಡ್ಡ ಲೈನ್‌ಗಳೂ ತುಂಬಿರಬೇಕು. ಒಂದು ಬಿಟ್ಟು ಒಂದು ಲೈನ್ ಖಾಲಿ ಇದ್ದರೆ ಆ ಪ್ಯಾನಲ್‌ನಲ್ಲಿ ಬೆಸ ಲೈನ್ ಒಂದು ಕಡೆಯಿಂದ, ಸಮ ಲೈನ್ ಇನ್ನೊಂದು ಕಡೆಯಿಂದ ಬರುತ್ತಿವೆ. ಅದರಲ್ಲಿ ಈ ವಿಧಾನ ನಡೆಯುವುದಿಲ್ಲ. ಸಣ್ಣ ಸೈಜಿನ ಕೆಲವು ಪ್ಯಾನಲ್‌ಗಳಿಗೆ ಒಂದೇ ಕಡೆ ಡ್ರೈವ್ ಇರುತ್ತದೆ, ಅವುಗಳಲ್ಲೂ ಇಲ್ಲ. ಈ ವಿಧಾನ ಸುಳ್ಳು ಎಂದು ಹೇಳುತ್ತಿದ್ದವರಲ್ಲಿ ಅರ್ಧ ಜನ ಇಂಥ ಪ್ಯಾನಲ್ ಮೇಲೇ ಕಟ್ ಮಾಡಿ ಕೈಬಿಟ್ಟವರು.

ಕೆಟ್ಟ ಕಡೆ ಗೊತ್ತಾದ ಮೇಲೆ ಸೋರ್ಸ್ ಬೋರ್ಡ್‌ನ ಟೆಸ್ಟ್ ಪಾಯಿಂಟ್‌ಗಳಲ್ಲಿ ಮೀಟರ್ ಇಡುತ್ತೇನೆ. ಸಿಕೆವಿ ಲೈನ್‌ಗಳ ಓದು ಒಂದಕ್ಕೊಂದು ಹತ್ತಿರ ಇರಬೇಕು, ಅವುಗಳ ನಡುವೆ ಮೀಟರ್ ಏನೂ ತೋರಿಸಬಾರದು. ಕೆಟ್ಟಲ್ಲಿ ಎರಡು ಲೈನ್ ನಡುವೆ ಕೆಲವು ನೂರು ಓಮ್‌ನಿಂದ ಒಂದೆರಡು ಕಿಲೋ ಓಮ್ ಬರುತ್ತದೆ. ಕೇಬಲ್ ಬಿಚ್ಚಿಯೇ ಅಳೆಯಿರಿ. ಇಲ್ಲದಿದ್ದರೆ ಟಿ-ಕಾನ್‌ನ ಓದು ಬೆರೆತು ದಾರಿ ತಪ್ಪಿಸುತ್ತದೆ.

ಬೇರ್ಪಡಿಸಲು ಮೂರು ದಾರಿ. ಮೊದಲನೆಯದು ಫ್ಲಾಟ್ ಕೇಬಲ್‌ನ ಆ ಪಿನ್‌ಗಳ ಮೇಲೆ ಕ್ಯಾಪ್ಟಾನ್ ಟೇಪ್ (ಕರೆಂಟ್ ಹರಿಯದ, ಕಾವು ತಡೆಯುವ ಟೇಪ್). ಪಿನ್ ನಡುವಿನ ಅಂತರ ಅರ್ಧ ಮಿಲಿಮೀಟರ್ ಮಾತ್ರ, ಟೇಪ್ ಕೂದಲೆಳೆ ಸರಿದರೂ ಪಕ್ಕದ ಪಿನ್ ಮುಚ್ಚುತ್ತದೆ. ಪರೀಕ್ಷೆಗೆ ಟೇಪ್ ಒಳ್ಳೆಯದು, ಶಾಶ್ವತಕ್ಕೆ ನಾನು ಇಡುವುದಿಲ್ಲ. ಎರಡನೆಯದು ಸೋರ್ಸ್ ಬೋರ್ಡ್‌ನಲ್ಲಿ ಟೆಸ್ಟ್ ಪಾಯಿಂಟ್ ಆದಮೇಲೆ, ಅಂಚಿನ ಸಿಓಎಫ್ (ಬೋರ್ಡನ್ನು ಗಾಜಿಗೆ ಸೇರಿಸುವ, ಐಸಿ ಇರುವ ತೆಳು ಫಿಲ್ಮ್) ಕಡೆಗೆ ಹೋಗುವ ಟ್ರ್ಯಾಕ್ ಕೆರೆದು ಕಟ್ ಮಾಡುವುದು. ಬೇಕಾದರೆ ಮತ್ತೆ ಜಂಪರ್ ಹಾಕಬಹುದು. ಮೂರನೆಯದು ನನಗೆ ಇಷ್ಟವಾದದ್ದು. ಕೆಲವು ಟಿ-ಕಾನ್‌ಗಳಲ್ಲಿ ಕನೆಕ್ಟರ್‌ಗೆ ಮುಂಚೆ ಎಡಕ್ಕೂ ಬಲಕ್ಕೂ ಬೇರೆ ಬೇರೆ ಸಣ್ಣ ರೆಸಿಸ್ಟರ್‌ಗಳಿರುತ್ತವೆ. ಆ ಕಡೆಯ ರೆಸಿಸ್ಟರ್ ಎತ್ತಿದರೆ ಮುಗಿಯಿತು, ಗಾಜಿನ ಹತ್ತಿರ ಕೈಯೇ ಹೋಗುವುದಿಲ್ಲ.

ಶಾರ್ಟ್ ಇರುವ ಎರಡು ಲೈನ್ ಮಾತ್ರ ಕಟ್ ಮಾಡಿದರೆ ಸಾಲದು. ಆ ಕಡೆಯ ಎಲ್ಲ ಸಿಕೆವಿ ಬಿಡಿಸಿ, ಪ್ರತಿ ಫ್ರೇಮ್ ಶುರು ಮಾಡಿಸುವ ಎಸ್‌ಟಿವಿಯನ್ನೂ ಬಿಡಿಸಿ. ಸಾಲುಗಳನ್ನು ಆಫ್ ಇಡುವ ವೋಲ್ಟೇಜ್ ವಿಎಸ್‌ಎಸ್ ಹಾಗೇ ಇರಲಿ. ಚಿತ್ರದ ಬೆಳಕಿನ ಮಟ್ಟಕ್ಕೆ ಬೇಕಾದ ಎವಿಡಿಡಿ, ಗಾಮಾ, ವಿಕಾಮ್, ಡೇಟಾ ಲೈನ್ ಮುಟ್ಟಲೇಬೇಡಿ. ಆಮೇಲೆ ವಿಜಿಎಚ್ ಸ್ವಲ್ಪ ಹೊಂದಿಸುವ ಕೆಲಸ ಇದೆ. ಎಷ್ಟು, ಯಾವ ಪ್ಯಾನಲ್‌ಗೆ ಯಾವ ಕಡೆಗೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಸೆಟ್‌ಗಳು ವರ್ಷಗಟ್ಟಲೆ ನಿಲ್ಲುವುದಕ್ಕೆ ಅದೇ ಮುಖ್ಯ ಕಾರಣ, ಅದು ನನ್ನ ಅನ್ನ. ಗಾಜಿನ ಅಂಚಿಗೆ ಕೊನೆಯಲ್ಲಿ ಏನು ಹಚ್ಚುತ್ತೇನೆ ಎನ್ನುವುದೂ ಹಾಗೇ ಇರಲಿ.

ಬಂದ ಚಿತ್ರ ಹೇಗಿರುತ್ತದೆ? ಫುಲ್ ಎಚ್‌ಡಿ 60 ಹರ್ಟ್ಸ್ ಪ್ಯಾನಲ್‌ನಲ್ಲಿ ಒಂದು ಲೈನ್‌ಗೆ ಸುಮಾರು 15 ಮೈಕ್ರೋಸೆಕೆಂಡ್ ಸಮಯ ಸಿಗುತ್ತದೆ. ಅಷ್ಟರಲ್ಲಿ ಒಂದೇ ಕಡೆಯ ಪಲ್ಸ್ ಇನ್ನೊಂದು ತುದಿಯವರೆಗೆ ಚೆನ್ನಾಗಿ ಮುಟ್ಟುತ್ತದೆ. 40, 43 ಇಂಚಿನವುಗಳಲ್ಲಿ ವ್ಯತ್ಯಾಸ ಹುಡುಕಿದರೂ ಸಿಗುವುದಿಲ್ಲ. 4ಕೆ 60 ಹರ್ಟ್ಸ್‌ನಲ್ಲಿ ಸಮಯ ಅರ್ಧಕ್ಕರ್ಧ ಇಳಿದು ಏಳೂವರೆಗೆ ಬರುತ್ತದೆ. ಅಲ್ಲಿ ಬೂದು ಬಣ್ಣದ ಪರದೆ ಹಾಕಿದರೆ ಕಟ್ ಮಾಡಿದ ಕಡೆ ತುಸು ಮಬ್ಬು ಕಾಣುತ್ತದೆ. ಸಿನಿಮಾ ನೋಡುವವರಿಗೆ ಗೊತ್ತಾಗುವುದಿಲ್ಲ, ಕ್ರಿಕೆಟ್ ಮೈದಾನದ ಹಸಿರಿನಲ್ಲಿ ಕೆಲವರಿಗೆ ಗೊತ್ತಾಗುತ್ತದೆ. ಅದನ್ನು ಮೊದಲೇ ತೋರಿಸಿ, ಒಪ್ಪಿದ ಮೇಲೆಯೇ ಹಿಂದಿನ ಕವರ್ ಮುಚ್ಚುತ್ತೇನೆ.

ಈಗ ಲೆಕ್ಕ. ಹೊಸ ಪ್ಯಾನಲ್ ಬೆಲೆ ಹೊಸ ಟಿವಿಯ ಮುಕ್ಕಾಲು ಭಾಗಕ್ಕೆ ಬಂದು ನಿಲ್ಲುತ್ತದೆ. ಕೂಲಿ ಸೇರಿದರೆ ಯಾರೂ ಮಾಡಿಸುವುದಿಲ್ಲ. ನಾನು ಪ್ಯಾನಲ್ ಬೆಲೆಯ ಹತ್ತರಲ್ಲಿ ಒಂದು, ಒಂದೂವರೆ ಭಾಗ ತೆಗೆದುಕೊಳ್ಳುತ್ತೇನೆ. ಸಾಮಾನಿನ ಖರ್ಚು ಇಲ್ಲವೇ ಇಲ್ಲ ಎನ್ನಬಹುದು. ಮೂರು ದಿನ ಸತತ ಓಡಿಸಿ ನೋಡಿದ ಮೇಲೆಯೇ ದುಡ್ಡು. ಆರು ತಿಂಗಳೊಳಗೆ ಅದೇ ದೋಷ ಬಂದರೆ ಪೂರ್ತಿ ವಾಪಸ್. ಹತ್ತರಲ್ಲಿ ಮೂರು ನಿಲ್ಲದಿದ್ದರೂ ಈ ಲೆಕ್ಕದಲ್ಲಿ ಲಾಭ ಇದೆ. ಆ ಮೂರರಲ್ಲಿ ಹೆಚ್ಚಿನವು ಎರಡೂ ಕಡೆ ತುಕ್ಕು ಹಿಡಿದವು. ಅವು ಮೂರು ದಿನದ ಪರೀಕ್ಷೆಯಲ್ಲೇ ಸಿಕ್ಕಿಬೀಳುತ್ತವೆ.

ಮಧ್ಯೆ ಒಂದು ಮಾತು. ಪ್ಯಾನಲ್ ಹೋಗಿದೆ ಎಂದು ನನ್ನ ಹತ್ತಿರ ಬರುವ ಸೆಟ್‌ಗಳಲ್ಲಿ ಎಷ್ಟೋ ಪ್ಯಾನಲ್ ದೋಷವೇ ಅಲ್ಲ. ಬಣ್ಣ ನೆಗೆಟಿವ್ ಫೋಟೋದಂತೆ ಬಂದರೆ ಮೊದಲು ಗಾಮಾ ಐಸಿ ನೋಡಿ. ಎಎಸ್15, ಎಎಸ್19 ನಂಬರಿನ ಗಾಮಾ ಐಸಿ ಇರುವ ಹಳೆಯ ಟಿ-ಕಾನ್‌ಗಳಲ್ಲಿ ಅದೊಂದು ಬದಲಿಸಿ ಎಷ್ಟು ಸೆಟ್ ಎಬ್ಬಿಸಿದ್ದೇನೋ ಲೆಕ್ಕ ಇಟ್ಟಿಲ್ಲ. ಬೋರ್ಡ್ ಬದಲಿಸಿದ ಮೇಲೆ ಬಣ್ಣ ಒಡೆದಂತೆ ಕಂಡರೆ ಅದು ಎಲ್‌ವಿಡಿಎಸ್ ಮ್ಯಾಪಿಂಗ್, ಅಂದರೆ ಚಿತ್ರದ ಬಿಟ್‌ಗಳನ್ನು ಪ್ಯಾನಲ್‌ಗೆ ಕಳಿಸುವ ಜೈಡಾ ಮತ್ತು ವೆಸಾ ಎಂಬ ಎರಡು ಕ್ರಮಗಳ ನಡುವಿನ ಗೊಂದಲ. ಸರ್ವಿಸ್ ಮೆನುವಿನಲ್ಲಿ ಒಂದು ನಿಮಿಷದ ಕೆಲಸ. ಸೆಟ್‌ಟಾಪ್ ಬಾಕ್ಸ್ ಹಾಕಿದಾಗ ಮಾತ್ರ ಕಪ್ಪು ಬಣ್ಣ ಬೂದಿಯಂತೆ ಕಂಡರೆ ಎಚ್‌ಡಿಎಂಐ ರೇಂಜ್ ನೋಡಿ. ಬಾಕ್ಸ್ ಕಪ್ಪಿನಿಂದ ಬಿಳಿಯವರೆಗಿನ ಮಟ್ಟವನ್ನು 16ರಿಂದ 235ರಲ್ಲಿ ಕಳಿಸಿ, ಟಿವಿ ಅದನ್ನು 0ಯಿಂದ 255 ಎಂದು ಓದಿದರೆ ಹಾಗೇ ಆಗುತ್ತದೆ. ರಿಮೋಟ್‌ನಲ್ಲಿ ಸರಿ ಹೋಗುವುದಕ್ಕೆ ಸ್ಕ್ರೂ ಬಿಚ್ಚುವವರನ್ನು ನೋಡಿ ನನಗೆ ಸಂಕಟವಾಗುತ್ತದೆ.

ಪರದೆ ನೇರಳೆ ಬಣ್ಣಕ್ಕೆ ತಿರುಗಿದರೂ ಪ್ಯಾನಲ್ ಅಲ್ಲ. ಬ್ಯಾಕ್‌ಲೈಟ್‌ನ ಎಲ್‌ಇಡಿ ಒಳಗೆ ನೀಲಿ ಬೆಳಕು, ಮೇಲೆ ಅದನ್ನು ಬಿಳಿಯಾಗಿಸುವ ಹಳದಿ ಫಾಸ್ಫರ್ ಪುಡಿಯ ಲೇಪ. ಶಾಖಕ್ಕೆ ಫಾಸ್ಫರ್ ಸುಟ್ಟರೆ ನೀಲಿ ಮಾತ್ರ ಉಳಿಯುತ್ತದೆ. ಎಲ್‌ಇಡಿ ಸ್ಟ್ರಿಪ್‌ಗಳನ್ನು ಎಲ್ಲವನ್ನೂ ಬದಲಿಸಿ, ಒಂದೇ ಒಂದು ಬದಲಿಸಿದರೆ ಬಣ್ಣ ಕೂಡುವುದಿಲ್ಲ. ಬದಲಿಸಿದ ಕೂಡಲೇ ಕರೆಂಟ್ ಇಳಿಸುತ್ತೇನೆ. ಎಲ್‌ಇಡಿ ಡ್ರೈವರ್ ಪಕ್ಕದಲ್ಲಿ ಕರೆಂಟ್ ಅಳೆಯುವ, ಒಂದೇ ಓಮ್‌ನ ಮೂರು ಸೆನ್ಸ್ ರೆಸಿಸ್ಟರ್ ಸಮಾನಾಂತರವಾಗಿದ್ದರೆ ಒಂದನ್ನು ತೆಗೆದರೆ ಕರೆಂಟ್ ಮೂರರಲ್ಲಿ ಎರಡು ಭಾಗಕ್ಕೆ ಇಳಿಯುತ್ತದೆ. ಬೆಳಕು ಸ್ವಲ್ಪ ಕಡಿಮೆಯಾದದ್ದು ಯಾರಿಗೂ ತಿಳಿಯುವುದಿಲ್ಲ. ಅದರ ಮೇಲೆ ಸ್ಟ್ರಿಪ್ ವಾಪಸ್ ಬಂದದ್ದು ಬಹಳ ಅಪರೂಪ.

ಗಾಜಿಗೆ ಅಂಟಿಸಿದ, ಬೆಳಕನ್ನು ಸೋಸುವ ಪೋಲರೈಸರ್ ಫಿಲ್ಮ್ ಬದಲಿಸುವ ಪ್ರಯೋಗವನ್ನೂ ಮಾಡಿದ್ದೇನೆ. ಹಳೆಯ ಸೆಟ್‌ನಲ್ಲಿ ಫಿಲ್ಮ್ ಸುಕ್ಕಾಗಿ ವಿನೆಗರ್ ವಾಸನೆ ಬರುತ್ತಿತ್ತು. ಸುಲಿದು ಹಾಕಿದೆ. ಕೋನ ನೋಡಿ ತರಿಸಬೇಕು. ಟಿಎನ್ ಬಗೆಯ ಪ್ಯಾನಲ್‌ಗೆ ಸಾಮಾನ್ಯವಾಗಿ 45 ಡಿಗ್ರಿಯದು, ವಿಎ ಮತ್ತು ಐಪಿಎಸ್ ಬಗೆಗೆ 0 ಅಥವಾ 90. ಪರದೆಯ ನಡುಭಾಗದಲ್ಲಿ ಚಿತ್ರ ಚೊಕ್ಕವಾಗಿ ಬಂತು, ಮೂಲೆಗಳಲ್ಲಿ ಗುಳ್ಳೆ ಉಳಿದವು. ಹಳೆಯ ಅಂಟು ತೆಗೆಯಲು ಇಡೀ ದಿನ ಹೋಯಿತು. ಫಿಲ್ಮ್ ಬೆಲೆಯೂ ಪ್ಯಾನಲ್‌ನ ಮೂರನೇ ಒಂದು ಭಾಗ. 32 ಇಂಚಿಗಿಂತ ದೊಡ್ಡದಕ್ಕೆ ಅದು ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ನಾನು ಮುಂದುವರಿಸಲಿಲ್ಲ.

ಮೇಲಿಂದ ಕೆಳಕ್ಕೆ ಬರುವ ಉದ್ದ ಗೆರೆಗಳ ಬಗ್ಗೆಯೂ ಕೇಳುತ್ತಾರೆ. ಅದು ಸಿಓಎಫ್ ಬಾಂಡಿಂಗ್, ಅಂದರೆ ಆ ಫಿಲ್ಮ್ ಅನ್ನು ಗಾಜಿಗೆ ಅಂಟಿಸುವ ವಿಷಯ, ಮೆಷಿನ್ ಇಲ್ಲದೆ ಆಗುವುದಿಲ್ಲ. ಒತ್ತಿದರೆ ಗೆರೆ ಹೋಗುತ್ತದೆ ಎಂದು ರಬ್ಬರ್ ತುಂಡು ಇಟ್ಟು ಫ್ರೇಮ್ ಮುಚ್ಚಿ ಕಳಿಸುವವರಿದ್ದಾರೆ. ಬೇಸಿಗೆ ಬರುವಷ್ಟರಲ್ಲಿ ಗೆರೆಯೂ ವಾಪಸ್ ಬರುತ್ತದೆ. ಅದಕ್ಕೆ ದುಡ್ಡು ತೆಗೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಈಗ ನನ್ನ ಟೇಬಲ್ ಮೇಲೆ 120 ಹರ್ಟ್ಸ್‌ನ ಒಂದು 55 ಇಂಚಿನ 4ಕೆ ಸೆಟ್ ಇದೆ. ಅದರಲ್ಲಿ ಲೈನ್‌ಗೆ ನಾಲ್ಕು ಮೈಕ್ರೋಸೆಕೆಂಡ್ ಕೂಡ ಸಿಗುವುದಿಲ್ಲ. ಎಡಗಡೆ ಬಿಡಿಸಿದೆ. ಚಿತ್ರ ಬಂತು, ಆದರೆ ಎಡ ಅಂಚಿನ ಒಂದು ಅಡಿ ಅಗಲ ಕಪ್ಪಾಗಿಯೇ ಇದೆ. ವಿಜಿಎಚ್ ಏರಿಸಿದರೆ ಬೆಳಕು ಬರುತ್ತದೆ, ಅರ್ಧ ಗಂಟೆಗೆ ಲೆವೆಲ್ ಶಿಫ್ಟರ್ ಕಾಯುತ್ತದೆ. ಅದಕ್ಕೊಂದು ಹೀಟ್ ಸಿಂಕ್ ಅಂಟಿಸಿ ಬಿಟ್ಟಿದ್ದೇನೆ. ಅದು ಒಂದು ತಿಂಗಳು ತಡೆದರೆ ದೊಡ್ಡ ಸೈಜ್ ಕೆಲಸವನ್ನೂ ತೆಗೆದುಕೊಳ್ಳಲು ಶುರು ಮಾಡುತ್ತೇನೆ.